ರಕ್ತರಾಣಿಯ ಕೊನೆಯ ದೃಶ್ಯ

ಮೈಸೂರು
೨೮ ಆಗಸ್ಟ್ ೨೦೦೫

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಹೊತ್ತುಹೊತ್ತಿಗೆ ಉಂಡು, ಹೊತ್ತಲ್ಲದ ಹೊತ್ತಿನಲ್ಲಿ ಮಲಗಿ ಚೆನ್ನಾಗಿದ್ದಾಳೆ. ದೋಹಾದಲ್ಲಿ ಇಂಗ್ಲಿಷ್ ಸ್ಕೂಲಿಗೆ ಹಾಕಿ ನನ್ನ ಕನ್ನಡ ಕೆಡಿಸಿದವಳೂ ನೀನೇ, ಈಗ ಫೋನ್ ಸಾಕು, ಕನ್ನಡದಲ್ಲಿ ಕಾಗದ ಬರೆ ಎಂದು ಹಟ ಹಿಡಿದವಳೂ ನೀನೇ. ತಗೋ, ಬರೆದಿದ್ದೇನೆ. ಹಾಸ್ಟೆಲ್ಲಿನ ಗೆಳತಿ ತಪ್ಪು ತಿದ್ದುತ್ತಾಳೆ, ಕೂಲಿಗೆ ನೀನು ಕಳಿಸಿದ ಖರ್ಜೂರ ತಿನ್ನುತ್ತಾಳೆ.

ನಿಮ್ಮ ದೋಹಾ ಕನ್ನಡ ಸಂಘದವರು ನವೆಂಬರ್ ಕೊನೆಗೆ ಮಾಡುವ ರಾಜ್ಯೋತ್ಸವಕ್ಕೆ ಅಲೋಶಿಯಸ್ ಅಂಕಲ್ 'ರಕ್ತರಾಣಿ' ನಾಟಕ ಆಡಿಸುತ್ತಾರೆ, ರಾಣಿಯ ಪಾತ್ರ ನನ್ನದು ಎಂದು ಬರೆದಿದ್ದೀಯ. ಹುಡುಗಿಯರನ್ನು ಕೊಂದು, ಅವರ ರಕ್ತದಲ್ಲಿ ಸ್ನಾನ ಮಾಡಿ, ಮುಪ್ಪು ಬಾರದ ಹಾಗೆ ನೋಡಿಕೊಂಡ ಹಂಗೇರಿಯ ಹೆಂಗಸಿನ ಕಥೆ. ಇತಿಹಾಸದಲ್ಲಿ ಎಂ.ಎ. ಓದುತ್ತಿರುವ ಮಗಳಿದ್ದೂ ಇಂಥ ಸುಳ್ಳನ್ನು ಸ್ಟೇಜಿನ ಮೇಲೆ ಆಡುತ್ತೀಯಾ? ನಾನು ಲೈಬ್ರರಿಯಲ್ಲಿ ಹುಡುಕಿದೆ, ಕೇಳು.

ಅವಳ ಹೆಸರು ಎಲಿಜಬೆತ್ ಬಾಥೊರಿ. ರಾಣಿಯಲ್ಲ, ಕೌಂಟೆಸ್. ನಾಲ್ಕು ನೂರು ವರ್ಷದ ಹಿಂದಿನವಳು. ಗಂಡ ಯುದ್ಧದಲ್ಲಿದ್ದಾಗ ಕೋಟೆ, ಜಮೀನು ಎಲ್ಲ ನೋಡಿಕೊಂಡಿದ್ದವಳು. ಗಂಡ ಸತ್ತ ಕೆಲವು ವರ್ಷಕ್ಕೆ ರಾಜ್ಯದ ದೊಡ್ಡ ಅಧಿಕಾರಿಯೊಬ್ಬ ಬಂದು ಅವಳನ್ನು ಹಿಡಿದ. ಮುನ್ನೂರು ಜನರ ಸಾಕ್ಷಿ ಬರೆಸಿಕೊಂಡರು, ಅವಳನ್ನು ಮಾತ್ರ ಕಟಕಟೆಗೇ ಕರೆಯಲಿಲ್ಲ. ವಿಚಾರಣೆಯಿಲ್ಲದೆ ಅವಳ ಕೋಟೆಯಲ್ಲೇ ಕೂಡಿಹಾಕಿದರು, ಅಲ್ಲೇ ಸತ್ತಳು. ರಕ್ತಸ್ನಾನದ ಮಾತು ಆ ಸಾಕ್ಷಿಗಳಲ್ಲಿ ಎಲ್ಲೂ ಇಲ್ಲ. ಅದು ಅಚ್ಚಾದದ್ದು ಅವಳು ಸತ್ತು ನೂರು ವರ್ಷ ಕಳೆದ ಮೇಲೆ. ರಾಜನೇ ಅವಳ ಗಂಡನ ಮನೆಗೆ ಸಾಲಗಾರನಾಗಿದ್ದನಂತೆ. ವಿಧವೆ, ಆಸ್ತಿವಂತೆ, ಬಗ್ಗದವಳು. ಇನ್ನೇನು ಬೇಕು?

ನಾಟಕ ನಾನು ಬರೆಯುತ್ತೇನೆ. ಒಂದೊಂದೇ ದೃಶ್ಯ ಕಳಿಸುತ್ತೇನೆ. ಯಾರೂ ಕೇಳದ ಅವಳ ಮಾತನ್ನು ನಿನ್ನ ಬಾಯಲ್ಲಿ ಆಡಿಸುತ್ತೇನೆ. ಹೆದರಬೇಡ.

ನಿನ್ನ
ಪ್ರಾರ್ಥನಾ


ಅಲ್ ಮುಂತಜಾ, ದೋಹಾ
೧೨ ಸೆಪ್ಟೆಂಬರ್ ೨೦೦೫

ಚಿ. ಪ್ರಾರ್ಥನಾಗೆ ಅಮ್ಮನ ಆಶೀರ್ವಾದ.

ಹೆದರಬೇಡ ಅಂತ ನನಗೆ ಹೇಳ್ತೀಯಾ? ಸಂಘದ ಅಧ್ಯಕ್ಷರು ಮುದ್ದುಕೃಷ್ಣ ಮಾತಿಗೆ ನಿಂತರೆ ಎದ್ದು ಮೈಕು ಕಿತ್ತುಕೊಳ್ಳುವವಳು ಈ ಊರಿನಲ್ಲಿ ನಾನೊಬ್ಬಳೇ. ನಿನ್ನ ಮೊದಲ ಎರಡು ದೃಶ್ಯ ಓದಿ ಕಣ್ಣಲ್ಲಿ ನೀರು ಬಂತು. "ನನ್ನನ್ನು ಕರೆದು ಕೇಳಿ! ನನ್ನ ಎದುರಿಗೆ ನಿಂತು ಹೇಳಿ!" ಎಂಬ ಮಾತಿದೆಯಲ್ಲ, ಅದನ್ನು ಮನೆಯ ಹಾಲಿನಲ್ಲಿ ನಿಂತು ಹೇಳಿದರೆ ನಿನ್ನಪ್ಪ ನ್ಯೂಸ್ ಪೇಪರ್ ಕೆಳಗಿಡುತ್ತಾರೆ.

ಅಲೋಶಿಯಸ್‌ಗೆ ಮಾತ್ರ ಸಮಾಧಾನವಿಲ್ಲ. "ಅಕ್ಕಾ, ಟಬ್ಬು ಇಲ್ಲದಿದ್ರೆ ಜನ ಯಾಕೆ ಬರ್ತಾರೆ ಮಾರಾಯ್ರೆ? ವಿಮ್ಟೊ ತುಂಬಿಸಿದ್ರೆ ಥೇಟ್ ರಕ್ತವೇ" ಅಂತಾನೆ. ರಂಜಾನ್ ಬಂದರೆ ಅಂಗಡಿ ತುಂಬ ಆ ಕೆಂಪು ಶರಬತ್ತಿನದೇ ರಾಶಿ, ಅಗ್ಗಕ್ಕೆ ಸಿಗುತ್ತೆ ಅಂತ ಅವನ ಲೆಕ್ಕ. ನನ್ನ ಮಗಳು ಬರೆದ ನಾಟಕದಲ್ಲಿ ಟಬ್ಬೂ ಇಲ್ಲ, ಗಿಬ್ಬೂ ಇಲ್ಲ, ಖಲಾಸ್ ಅಂದೆ.

ಪ್ರಾಕ್ಟೀಸು ಮನೆಯಲ್ಲೇ ನಡೀತಿದೆ. ನಮ್ಮ ಮನೆಗೆಲಸದ ಪ್ರೇಮಾವತಿ ಏಳನೇ ಕ್ಲಾಸು ಓದಿದ್ದು ಈಗ ಕೆಲಸಕ್ಕೆ ಬಂತು. ಹುರುಳಿಕಾಯಿ ಹೆಚ್ಚುತ್ತಾ ಮಿಕ್ಕ ಪಾತ್ರಗಳ ಮಾತೆಲ್ಲ ಅವಳೇ ಓದುತ್ತಾಳೆ. ಅಧಿಕಾರಿಯೂ ಅವಳೇ, ಪಾದ್ರಿಯೂ ಅವಳೇ. ನಾಲ್ಕು ವರ್ಷದ ಹಿಂದೆ, ನೀನು ಓದಲು ಮೈಸೂರಿಗೆ ಹೊರಟಾಗ ಕೆಲಸಕ್ಕೆ ಬಂದವಳು ಆಗ ಬಾಯಿಯೇ ಬಿಡುತ್ತಿರಲಿಲ್ಲ. ಹೋದ ವಾರ ಸಾರಿನಲ್ಲಿ ಕೂದಲು ಸಿಕ್ಕಿತು ಅಂತ ನಿನ್ನಪ್ಪ ತಟ್ಟೆ ತಳ್ಳಿದರು. ಮೊಣಕಾಲಿಗೆ ಬರುವ ಜಡೆ ಇಟ್ಟುಕೊಂಡರೆ ಇನ್ನೇನಾಗುತ್ತೆ? ಯಲ್ಲಾ, ಬೇಗ ಬಾ ಅಂತ ಕೂರಿಸಿ ಅಡುಗೆಮನೆ ಕತ್ತರೀಲಿ ನಾನೇ ಕತ್ತರಿಸಿ ಹಾಕಿದೆ. ಈಗ ಗಂಡುಹುಡುಗನ ಹಾಗಿದ್ದಾಳೆ, ನೋಡಿದರೆ ನಗು ಬರುತ್ತೆ. ಶಾಂಪೂ ಖರ್ಚೂ ಉಳಿಯಿತು.

ಬೆಂಗಳೂರಿಗೆ ಹೊರಟವರ ಕೈಲಿ ಒಂದು ಸೀರೆ ಕಳಿಸಿದ್ದೀನಿ. ನಂಜನಗೂಡಿನ ಹತ್ತಿರ ಹುಲ್ಲಹಳ್ಳಿಯಲ್ಲಿ ಅವಳ ತಾಯಿ, ಮಗಳು ಇದ್ದಾರೆ. ಕೊಟ್ಟು ಬಾ. ನಾನು ಕೊಟ್ಟಿದ್ದು ಅಂತ ಹೇಳು.

ಇತಿ ನಿನ್ನ ಅಮ್ಮ
ಹೇಮಲತಾ


ಮೈಸೂರು
೨ ಅಕ್ಟೋಬರ್ ೨೦೦೫

ಅಮ್ಮನಿಗೆ,

ಸೀರೆ ಕೊಟ್ಟೆ. ನೀನು ಕೊಟ್ಟಿದ್ದು ಅಂತಲೂ ಹೇಳಿದೆ.

ಪ್ರೇಮಾವತಿಯ ತಾಯಿ, ಆ ಅಜ್ಜಿ, ಒಳಗೆ ಕರೆದು, ಗಂಡನ ಫೋಟೋದ ಕೆಳಗೆ ಚಾಪೆ ಹಾಸಿ ಕೂರಿಸಿ ಕಾಫಿ ಕೊಟ್ಟರು. ಪ್ರೇಮಾವತಿಯ ಮಗಳು ಸ್ವರ್ಣಲತಾಗೆ ಹತ್ತು ವರ್ಷ. ತಾಯಿ ಹೊರಟಾಗ ಆರು. ಗೋಡೆಯಲ್ಲಿ ಜಡೆ ಮುಂದಕ್ಕೆ ಹಾಕಿಕೊಂಡು ನಿಂತ ಪ್ರೇಮಾವತಿಯ ಫೋಟೋ ಇದೆ. "ಅಮ್ಮ ಬಂದ್ಮೇಲೆ ಇಬ್ರೂ ನಿಂತ್ಕೊಂಡು ಅಳೀತೀವಿ ಅಕ್ಕ, ಯಾರ ಜಡೆ ಉದ್ದ ಅಂತ" ಎಂದಳು ಹುಡುಗಿ. ಆ ಜಡೆ ಈಗಿಲ್ಲ ಎಂದು ಹೇಳದೆ ಬಂದೆ.

ಅಜ್ಜಿ ಕೇಳಿದ್ದನ್ನು ಹಾಗೇ ಬರೆಯುತ್ತಿದ್ದೇನೆ. "ಎರಡು ವರ್ಸ ಅಂದ್ರು, ನಾಕಾಯ್ತಲ್ಲವ್ವ, ಯಾವಾಗ ಕಳುಸ್ತಾರೆ ನಿಮ್ಮಮ್ಮಾರು?" ನೀವು ಹೊರಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗುತ್ತೀರಂತೆ, ಪ್ರೇಮಾವತಿ ಕಿಟಕಿಯಲ್ಲಿ ನಿಂತು ಕಾರು ನೋಡುತ್ತಿರುತ್ತಾಳಂತೆ, ಹಿಂದೊಮ್ಮೆ ಕಾಗದದಲ್ಲಿ ಬರೆದಿದ್ದಳಂತೆ. ರಜಕ್ಕೆ ಬಂದಾಗ ನಾನು ನಿಮ್ಮ ಜೊತೆಯೇ ಹೊರಗಿರುತ್ತಿದ್ದೆ, ಇದು ಕಾಣಲಿಲ್ಲ. ನಿಜವೇ ಅಮ್ಮ?

ನೀನು ಕೂದಲು ಕತ್ತರಿಸುವಾಗ ಅವಳು ಏನೆಂದಳು? ಅದನ್ನು ನೀನು ಬರೆದಿಲ್ಲ.

ಪ್ರಾರ್ಥನಾ


ದೋಹಾ
೧೪ ಅಕ್ಟೋಬರ್ ೨೦೦೫

ಚಿ. ಪ್ರಾರ್ಥನಾಗೆ,

ನಿನಗೆ ಸೀರೆ ಕೊಟ್ಟು ಬಾ ಅಂದರೆ ಪಂಚಾಯಿತಿ ಮಾಡಿ ಬಂದಿದ್ದೀಯ. ಇರಲಿ, ಉತ್ತರ ಕೊಡದೆ ಓಡುವವಳಲ್ಲ ನಾನು.

ಬೀಗ ಹಾಕೋದು ಹೌದು. ಪರದೇಶದಲ್ಲಿ ಒಂಟಿ ಹೆಂಗಸು, ಏನಾದರೂ ಆದರೆ ಯಾರ ತಲೆಗೆ ಬರುತ್ತೆ? ಪಾಸ್‌ಪೋರ್ಟೂ ನನ್ನ ಹತ್ತಿರವೇ ಇದೆ. ಎಲ್ಲಿಟ್ಟಿದ್ದೀನಿ ಗೊತ್ತಾ? ದೇವರ ಗೂಡಿನಲ್ಲಿ! ಮೊನ್ನೆ ಆಯುಧಪೂಜೆಗೆ ಕಾರಿನ ಕೀಲಿ, ನಿನ್ನಪ್ಪನ ಲ್ಯಾಪ್‌ಟಾಪು, ನಮ್ಮ ಪಾಸ್‌ಪೋರ್ಟುಗಳ ಜೊತೆ ಅವಳದನ್ನೂ ಇಟ್ಟು ಕುಂಕುಮ ಹಚ್ಚಿದೆ. ಯಾವ ಮನೆಯೊಡತಿ ಆಳಿನ ಪಾಸ್‌ಪೋರ್ಟಿಗೆ ಹೂವು ಏರಿಸುತ್ತಾಳೆ? ಅವಳೂ ನಿಂತು ನೋಡಿದಳು. ಕೈ ಮುಗಿದಳು. ಅವಳನ್ನು ಮನೆಮಗಳ ಹಾಗೆ ನೋಡಿಕೊಂಡಿದ್ದೀನಿ.

ಊರಿಗೆ ಕಳಿಸೋಲ್ಲ ಅಂತ ಯಾರು ಹೇಳಿದರು? ನಾಟಕ ಮುಗೀಲಿ, ನಿನ್ನಪ್ಪನ ಆಫೀಸಿನ ಆಡಿಟ್ ಮುಗೀಲಿ, ನೋಡೋಣ. ಕೂದಲು ಕತ್ತರಿಸುವಾಗ ಏನೂ ಅನ್ನಲಿಲ್ಲ. ಆಮೇಲೆ ಗುಡಿಸಿ ಎತ್ತಿದಳು.

ಈಗ ಅರ್ಥವಾಗುತ್ತಿದೆ, ನಿನ್ನ ಕೌಂಟೆಸ್ಸಿಗೂ ಹೀಗೇ ಆಗಿರಬೇಕು. ಅನ್ನ ಹಾಕಿದವಳ ಮೇಲೆ ಆಳುಗಳ ಚಾಡಿ. ಅವಳ ಪಾತ್ರ ಇನ್ನೂ ಚೆನ್ನಾಗಿ ಮಾಡ್ತೀನಿ. ಕೊನೆಯ ದೃಶ್ಯ ಬೇಗ ಕಳಿಸು, ಅಲೋಶಿಯಸ್ ತಲೆ ತಿನ್ನುತ್ತಿದ್ದಾನೆ.

ಇತಿ
ಅಮ್ಮ


ಮೈಸೂರು
೨೭ ಅಕ್ಟೋಬರ್ ೨೦೦೫

ಅಮ್ಮನಿಗೆ,

ಕೊನೆಯ ದೃಶ್ಯ ಈ ಲಕೋಟೆಯಲ್ಲಿದೆ.

ಆ ಮುನ್ನೂರು ಸಾಕ್ಷಿಗಳನ್ನು ಮತ್ತೆ ಓದಿದೆ. ಅವಳ ಶತ್ರುಗಳು ಬರೆಸಿಕೊಂಡದ್ದು, ನಿಜ. ಕೆಲವರು ಕೇಳಿದ ಮಾತನ್ನೇ ಕಂಡ ಹಾಗೆ ಹೇಳಿದ್ದಾರೆ, ಅದೂ ನಿಜ. ಆದರೆ ಆ ಮನೆಗೆ ಕೆಲಸಕ್ಕೆ ಹೋದ ಹುಡುಗಿಯರಲ್ಲಿ ಎಷ್ಟೋ ಮಂದಿ ತಿರುಗಿ ಬರಲಿಲ್ಲ. ಹೊಲಿಗೆ ತಪ್ಪಿದರೆ ಸೂಜಿ ಚುಚ್ಚುವುದು, ಚಳಿಯಲ್ಲಿ ನಿಲ್ಲಿಸಿ ತಣ್ಣೀರು ಸುರಿಯುವುದು, ಉಪವಾಸ ಕೆಡವುವುದು. ಇಂಥವೇ ಸಾಕ್ಷಿಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಟಬ್ಬು ಬೇಕಾಗಲೇ ಇಲ್ಲ ಅಮ್ಮ.

ರಕ್ತಸ್ನಾನದ ಕಥೆ ಕಟ್ಟಿದವನು ಲೋಕದ ಮನೆಯೊಡತಿಯರಿಗೆಲ್ಲ ದೊಡ್ಡ ಉಪಕಾರ ಮಾಡಿದ. ನಾವು ರಕ್ತದಲ್ಲಿ ಸ್ನಾನ ಮಾಡೋಲ್ಲವಲ್ಲ, ಹಾಗಾದರೆ ನಾವು ಒಳ್ಳೆಯವರು ಅಂತ ಎಲ್ಲರೂ ನೆಮ್ಮದಿಯಾಗಿ ಮಲಗಬಹುದು. ಅವಳನ್ನು ಕರೆದು ಕೇಳದೇ ಇದ್ದದ್ದು ಅನ್ಯಾಯ, ಆ ಮಾತು ನಾಟಕದಲ್ಲಿ ಹಾಗೇ ಇರಲಿ. ಆದರೆ ಹುಡುಗಿಯರನ್ನೂ ಯಾರೂ ಕೇಳಲಿಲ್ಲ. ಈ ದೃಶ್ಯದಲ್ಲಿ ಒಬ್ಬ ಕೆಲಸದ ಹುಡುಗಿ ಬಂದು ಮಾತಾಡುತ್ತಾಳೆ.

ಎಂದಿನ ಹಾಗೆ ಪ್ರೇಮಾವತಿಯ ಕೈಲೇ ಓದಿಸು.

ಪ್ರಾರ್ಥನಾ


ದೋಹಾ
೭ ನವೆಂಬರ್ ೨೦೦೫

ಪ್ರಾರ್ಥನಾ,

ಆಶೀರ್ವಾದ ಬರೆಯುವುದಕ್ಕೆ ಕೈ ಬರುತ್ತಿಲ್ಲ.

ಮೊನ್ನೆ ಈದ್ ರಜದಲ್ಲಿ ನಿನ್ನ ಕೊನೆಯ ದೃಶ್ಯ ಪ್ರೇಮಾವತಿಯ ಕೈಗೆ ಕೊಟ್ಟು ನಾನು ರಾಣಿಯ ಜಾಗದಲ್ಲಿ ನಿಂತೆ. ನಿನ್ನಪ್ಪನೂ ಇದ್ದರು. ಅವಳು ಓದಿದಳು. "ನನ್ನ ಹೆಸರನ್ನು ಯಾರೂ ಬರೆದುಕೊಂಡಿಲ್ಲ. ನಮ್ಮ ಒಡತಿ ನನ್ನ ರಕ್ತ ಕುಡಿಯಲಿಲ್ಲ. ಅನ್ನದಲ್ಲಿ ಕೂದಲು ಸಿಕ್ಕಿತೆಂದು ನನ್ನ ಜಡೆ ಕತ್ತರಿಸಿದಳು. ಊರಿಗೆ ಹೋಗುತ್ತೇನೆಂದೆ, ಬಾಗಿಲಿಗೆ ಬೀಗ ಹಾಕಿದಳು." ನಿಲ್ಲಿಸು ಅಂದೆ. ನಿಲ್ಲಿಸಲಿಲ್ಲ. ಹಾಳೆ ಮುಗಿಯಿತು, ತಿರುವಿದಳು. ಹಿಂದೆ ಏನೂ ಬರೆದಿರಲಿಲ್ಲ. ಖಾಲಿ ಹಾಳೆ ಹಿಡಿದುಕೊಂಡು ಅದೇ ಧ್ವನಿಯಲ್ಲಿ ಮುಂದುವರಿದಳು. "ನನ್ನ ಅಪ್ಪ ಸತ್ತ ಸುದ್ದಿ ಫೋನಿನಲ್ಲಿ ಬಂತು. ಮನೆಯಲ್ಲಿ ನೆಂಟರಿದ್ದರು. ನೆಂಟರು ಊರಿಗೆ ಹೋದ ಮೇಲೆ ಒಡತಿ ನನಗೆ ಹೇಳಿದಳು. ಅಷ್ಟೂ ದಿನ ನಾನು ಹೋಳಿಗೆ ಮಾಡಿ ಬಡಿಸುತ್ತಿದ್ದೆ."

ಅದನ್ನು ನಾನು ಅವಳ ಒಳ್ಳೆಯದಕ್ಕೇ ಮುಚ್ಚಿಟ್ಟಿದ್ದು! ಹೇಳಿದ್ದರೆ ಅವಳು ಹೋಗೋಕಾಗ್ತಿತ್ತಾ?

ಓದಿ, ಅಲ್ಲ, ಹೇಳಿ ಮುಗಿಸಿ, ಕೈ ತೊಳೆದು, ಎದುರು ಮನೆ ಮೈರಾಳ ಬಾಗಿಲು ತಟ್ಟಿ ಒಳಗೆ ಹೋದಳು. ಆ ಮೈರಾ ಗೊತ್ತಲ್ಲ, ಉಡುಪಿ ಕಡೆಯ ಕ್ಲಿನಿಕ್ ರಿಸೆಪ್ಷನಿಸ್ಟು, "ನಾನು ಕಳಿಸುದಿಲ್ಲ ಆಂಟಿ, ಬೇಕಾದ್ರೆ ನನ್ನ ಮೇಲೂ ಕಂಪ್ಲೇಂಟ್ ಕೊಡಿ" ಅಂತಾಳೆ. ನಾಚಿಕೆಯಿಲ್ಲದವಳು. ಮುದ್ದುಕೃಷ್ಣ ಬಂದು ಕನ್ನಡಿಗರ ಹೆಸರು ಕೆಡಬಾರದು, ಮನೆ ವಿಷಯ ಮನೆಯಲ್ಲೇ ಖಲಾಸ್ ಮಾಡೋಣ ಅಂದರು. ಪ್ರೇಮಾವತಿ ನನ್ನ ಕಾಲಿಗೆ ಬಿದ್ದು ಒಳಗೆ ಬಂದರೆ ಸರಿ. ಇಲ್ಲದಿದ್ದರೆ ಓಡಿಹೋದಳು ಅಂತ ನಿನ್ನಪ್ಪ ದೂರು ಬರೆದಿಟ್ಟಿದ್ದಾರೆ. ಕೊಟ್ಟರೆ ಅವಳು ಊರಿಗಲ್ಲ, ಜೈಲಿಗೆ ಹೋಗುತ್ತಾಳೆ. ಪಾಸ್‌ಪೋರ್ಟು ನನ್ನ ಹತ್ತಿರ, ದೇಶ ಬಿಟ್ಟು ಹೋಗುವ ಪರ್ಮಿಟ್ಟಿಗೆ ನಿನ್ನಪ್ಪನ ಸಹಿ. ನೋಡೋಣ ನಿನ್ನ ನಾಟಕ ಎಲ್ಲಿಗೆ ಹೋಗುತ್ತೆ.

ಹೆತ್ತ ತಾಯಿಗೆ ಆಳಿನ ಬಾಯಲ್ಲಿ ಬೈಸಿದೆಯಲ್ಲೇ!

ಹೇಮಲತಾ


ಹುಲ್ಲಹಳ್ಳಿ
೧೭ ನವೆಂಬರ್ ೨೦೦೫

ಅಮ್ಮನಿಗೆ,

ಈ ಕಾಗದವನ್ನು ಯಾರೂ ತಿದ್ದಿಲ್ಲ. ತಪ್ಪಿದ್ದರೆ ಇರಲಿ.

ನಾನು ಬರೆದದ್ದು ಹಂಗೇರಿಯ ನಾಟಕ. ಕುಂಬಳಕಾಯಿ ಕಳ್ಳ ಅಂದರೆ ನೀನು ಹೆಗಲು ಮುಟ್ಟಿ ನೋಡಿಕೊಂಡೆ. ಹೌದು, ಮುಟ್ಟಿ ನೋಡಿಕೊಳ್ಳಲಿ ಎಂದೇ ಬರೆದೆ. ಅವಳು ಊರಿಗೆ ಫೋನ್ ಮಾಡುವಾಗ ಪಕ್ಕದಲ್ಲಿ ನೀನು ನಿಂತಿರುತ್ತೀಯ. ಅವಳು ನಿನ್ನೆದುರು ಬಾಯಿ ಬಿಡಬಹುದಾದ ಜಾಗ ಆ ನಾಟಕ ಒಂದೇ ಆಗಿತ್ತು. ಅವಳ ಅಪ್ಪನ ಸಾವಿನ ಸುದ್ದಿ ನೀನು ಮುಚ್ಚಿಟ್ಟದ್ದು ನನಗೂ ಗೊತ್ತಿರಲಿಲ್ಲ. ಆ ಫೋಟೋದ ಕೆಳಗೆ ಕೂತು ನಾನು ಕಾಫಿ ಕುಡಿದಿದ್ದೆ. ನನಗೆ ತುಂಬ ಸಿಟ್ಟು ಬಂದಿದೆ ಅಮ್ಮ. ನಿನ್ನ ಮೇಲೆ ಇಷ್ಟು ಪ್ರೀತಿ ಇಲ್ಲದಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಮುದ್ದುಕೃಷ್ಣ ಅಂಕಲ್‌ಗೆ ಹೇಳು. ಬಾಥೊರಿಯ ವಿಷಯದಲ್ಲೂ ಹೀಗೇ ಮನೆಯಲ್ಲೇ ಖಲಾಸ್ ಮಾಡಿದರು. ಅವಳನ್ನು ಹಿಡಿದ ಅಧಿಕಾರಿ, ಅವಳ ಮಗ, ಅಳಿಯಂದಿರು ಕೂಡಿ ವಿಚಾರಣೆ ಬೇಡ, ಮನೆತನದ ಹೆಸರು, ಆಸ್ತಿ ಉಳಿಯಲಿ ಎಂದರು. ಅವಳ ಆಳುಗಳಿಗೆ ಚಿತ್ರಹಿಂಸೆ ಕೊಟ್ಟು ಮೂವರನ್ನು ಕೊಂದರು. ಹೆಸರು ಉಳಿಯಿತಾ? ಮುಚ್ಚಿಟ್ಟದ್ದರ ಮೇಲೆ ಊರು ಕಥೆ ಕಟ್ಟಿತು. ನಾಲ್ಕು ನೂರು ವರ್ಷದ ಮೇಲೆ ದೋಹಾದಲ್ಲಿ ಅಲೋಶಿಯಸ್ ಅಂಕಲ್ ಟಬ್ಬಿಗೆ ವಿಮ್ಟೊ ಸುರಿಯಲು ಹೊರಡುತ್ತಾರೆ.

ಈಗ ನನ್ನ ಮಾತು. ಸೋಮವಾರದಿಂದ ನಾನು ಪ್ರೇಮಾವತಿಯ ಮನೆಯಲ್ಲಿದ್ದೇನೆ. ಅವಳು ಇಲ್ಲಿಗೆ ಬಂದು ಇಳಿಯುವ ತನಕ ಇಲ್ಲೇ ಇರುತ್ತೇನೆ. ಕ್ಲಾಸಿಲ್ಲ, ಪರೀಕ್ಷೆಯಿಲ್ಲ. ಡಿಸೆಂಬರ್ ರಜಕ್ಕೆ ನೀವು ತೆಗೆಸಿದ ಟಿಕೆಟ್ಟು ನನಗೆ ಬೇಡ. ಅವಳನ್ನು ಮನೆಮಗಳ ಹಾಗೆ ನೋಡಿಕೊಂಡೆ ಎಂದೆಯಲ್ಲ. ಸರಿ. ಅವರ ಮಗಳು ನಿನ್ನ ಊರಿನಲ್ಲಿ, ನಿನ್ನ ಮಗಳು ಅವರ ಮನೆಯಲ್ಲಿ. ಸಮಸಮ. ಅಪ್ಪ ಆ ದೂರು ಕೊಟ್ಟ ದಿನ ನನ್ನನ್ನೂ ಓಡಿಹೋದವಳು ಎಂದು ಬರೆದುಕೊಳ್ಳಲಿ.

ಅಜ್ಜಿ ನನ್ನನ್ನು ಗುಡಿಸಲು ಬಿಡುತ್ತಿಲ್ಲ. ಬಾಗಿಲಿಗೆ ಬೀಗ ಹಾಕುವುದೂ ಇಲ್ಲ. ಯಾವಾಗ ಬೇಕಾದರೂ ಹೋಗಬಹುದು. ಹೋಗುವುದಿಲ್ಲ.

ಪ್ರಾರ್ಥನಾ


ದೋಹಾ
೪ ಡಿಸೆಂಬರ್ ೨೦೦೫

ಪ್ರಾರ್ಥನಾಗೆ,

ನಿನ್ನ ಕಾಗದ ಓದಿ ನಿನ್ನಪ್ಪ ರಾತ್ರಿ ಊಟ ಮಾಡಲಿಲ್ಲ. ಬೆಳಿಗ್ಗೆ ದೂರು ಹರಿದು ಹಾಕಿ, ಪರ್ಮಿಟ್ಟಿಗೆ ಸಹಿ ಹಾಕಿ, ದೇವರ ಗೂಡಿನಿಂದ ಪಾಸ್‌ಪೋರ್ಟು ತೆಗೆದುಕೊಂಡು ಮೈರಾಳ ಮನೆಗೆ ಅವರೇ ಹೋದರು. ನನ್ನನ್ನು ಕೇಳಲಿಲ್ಲ. ಹತ್ತನೇ ತಾರೀಕು ಅವಳ ವಿಮಾನ. ಗೆದ್ದೆಯಲ್ಲ, ಈಗ ಹಾಸ್ಟೆಲ್ಲಿಗೆ ಹೋಗಿ ಓದಿಕೋ. ತಾಯಿಯಂತೆ ಮಗಳು ಅಂತಾರೆ. ಈ ಹಟ ನಿನಗೆ ಎಲ್ಲಿಂದ ಬಂತು ಅಂತ ನಾನು ಯಾರನ್ನೂ ಕೇಳಬೇಕಾಗಿಲ್ಲ.

ನಾಟಕ ಆಯಿತು. ನಿನ್ನ ಕೊನೆಯ ದೃಶ್ಯ ಕಿತ್ತುಹಾಕಿದೆ. ಟಬ್ಬು ತರಿಸಿದೆ, ವಿಮ್ಟೊ ತುಂಬಿಸಿದೆ, ಕೂತೆ. ಜನ ಸೀಟಿ ಹೊಡೆದರು. ಮೈಯೆಲ್ಲ ಅಂಟು ಅಂಟು. ಒಂದು ಮಾತು ಮರೆತುಹೋಯಿತು, ಪಕ್ಕದಿಂದ ಹೇಳಿಕೊಡಲು ಯಾರೂ ಇರಲಿಲ್ಲ. ಆದರೂ ಮೊದಲ ಬಹುಮಾನ ನನಗೇ ಬಂತು.

ನಾನು ತಪ್ಪು ಮಾಡಿಲ್ಲ. ಈ ಊರಿನಲ್ಲಿ ಎಲ್ಲರ ಮನೆಯಲ್ಲೂ ಹೀಗೇ. ಎಲ್ಲರೂ ಮಾಡುವುದನ್ನು ಮಾಡಿದ್ದಕ್ಕೆ ನನ್ನೊಬ್ಬಳನ್ನೇ ಯಾಕೆ ನಿಲ್ಲಿಸಿದೆ ನೀನು?

ಇದರ ಜೊತೆ ಪ್ರೇಮಾವತಿಗೆ ಒಂದು ಚೀಟಿ ಇದೆ, ತಲುಪಿಸು. ಅವಳನ್ನು ಕ್ಷಮಿಸಿದ್ದೀನಿ, ಮನಸ್ಸಾದರೆ ಮತ್ತೆ ಬರಲಿ ಅಂತ ಬರೆದಿದ್ದೀನಿ. ಅಡುಗೆಮನೆ ನೋಡೋಕಾಗ್ತಿಲ್ಲ.

ಅಮ್ಮ


ಹುಲ್ಲಹಳ್ಳಿ
೯ ಜನವರಿ ೨೦೦೬

ಹೇಮಲತಾ ಅವರಿಗೆ,

ಅಮ್ಮಾವ್ರೇ ಅಂತ ಬರೆದು ಹೊಡೆದುಹಾಕಿದ್ದೇನೆ. ನಿಮ್ಮ ಹೆಸರು ಹಿಡಿದು ಬರೆಯುವುದು ಇದೇ ಮೊದಲು.

ನಿಮ್ಮ ಚೀಟಿ ಪ್ರಾರ್ಥನಾ ಅವರು ತಂದುಕೊಟ್ಟರು. ಕ್ಷಮಿಸಿದ್ದೀನಿ ಅಂತ ಬರೆದಿದ್ದೀರಿ. ನಾನು ಏನು ತಪ್ಪು ಮಾಡಿದೆ ಅಂತ ಬರೆದಿಲ್ಲ. ಎರಡು ಸಲ ಓದಿದೆ, ಸಿಗಲಿಲ್ಲ. ನಾನು ವಾಪಸು ಬರುವುದಿಲ್ಲ. ಸ್ವರ್ಣಲತಾ ಮೊದಲ ದಿನ ನನ್ನ ಹತ್ತಿರ ಬರಲಿಲ್ಲ, ಬಾಗಿಲ ಸಂದಿಯಲ್ಲಿ ನೋಡಿದಳು. ಈಗ ನನ್ನ ಸೆರಗು ಹಿಡಿದೇ ಮಲಗುತ್ತಾಳೆ. ಅಪ್ಪನ ತಿಥಿ ನಾನು ನಿಂತು ಮಾಡಿಸಿದೆ.

ನನ್ನನ್ನು ಕಳಿಸಿದ ಏಜೆಂಟು ಮತ್ತೆ ಊರಿಗೆ ಬಂದಿದ್ದಾನೆ. ನಮ್ಮ ಬೀದಿಯ ಇಬ್ಬರು ಹೆಂಗಸರು ಹೋಗುತ್ತೇವೆ ಅಂದಿದ್ದಾರೆ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ, ಅವರ ಕಷ್ಟ ಅವರಿಗೆ. ಏನೇನು ನಡೆಯುತ್ತೆ ಅಂತ ತಿಳಿದು ಹೋಗಲಿ. ಫೆಬ್ರವರಿ ಹನ್ನೆರಡು, ಭಾನುವಾರ, ಸ್ಕೂಲಿನ ಅಂಗಳದಲ್ಲಿ ಮಹಿಳಾ ಸಂಘದವರು ಸಭೆ ಕರೆದಿದ್ದಾರೆ. ನಾನು ಮಾತಾಡುತ್ತೇನೆ. ಬೀಗದ ವಿಷಯ, ಕೂದಲ ವಿಷಯ, ಅಪ್ಪನ ವಿಷಯ ಎಲ್ಲ ಹೇಳುತ್ತೇನೆ. ಯಾರ ಮನೆ ಅಂತ ಕೇಳಿದರೆ ನಿಮ್ಮ ಹೆಸರು ಹೇಳುತ್ತೇನೆ. ನಿಮ್ಮ ಮಗಳಿಗೆ ಹೇಳಿದೆ. ಅವರು ಅತ್ತರು, ಹೇಳಬೇಡ ಅನ್ನಲಿಲ್ಲ.

ಹಿಂದಿನಿಂದ ಚಾಡಿ ಹೇಳಿದಳು ಅಂತ ಆಗಬಾರದು. ಅದಕ್ಕೇ ಮುಂಚೆ ಬರೆಯುತ್ತಿದ್ದೇನೆ, ಟಿಕೆಟ್ಟು ತೆಗೆಸಲು ನಿಮಗೆ ಸಮಯ ಇದೆ. ಆ ಹಂಗೇರಿಯವಳನ್ನು ಕರೆದು ಕೇಳಲಿಲ್ಲ ಅಂತ ನೀವು ಹಾಲಿನಲ್ಲಿ ನಿಂತು ಕೂಗುತ್ತಿದ್ದಿರಿ. ನಾನು ಕರೆಯುತ್ತಿದ್ದೇನೆ. ಬನ್ನಿ. ನಾನು ಹೇಳಿದ್ದರಲ್ಲಿ ಯಾವುದು ಸುಳ್ಳೋ ನನ್ನ ಎದುರಿಗೇ ಹೇಳಿ, ನೀವು ಮುಗಿಸುವ ತನಕ ಯಾರೂ ನಡುವೆ ಬಾಯಿ ಹಾಕದ ಹಾಗೆ ನಾನು ನೋಡಿಕೊಳ್ಳುತ್ತೇನೆ. ನಿಮಗೆ ಕುರ್ಚಿ ಹಾಕಿಸಿರುತ್ತೇನೆ.

ಪ್ರೇಮಾವತಿ